ಇಂದಿನ ಕೈಗೆ ಇಂದಿನ ಗಿಟಾರ್

ಬೇಸಿಗೆ ರಜೆ ಹತ್ತಿರವಾದಂತೆ ಊರಿನ ವಾದ್ಯದ ಅಂಗಡಿಗಳಲ್ಲಿ ಜನ ಹೆಚ್ಚುತ್ತಾರೆ. ಒಂದು ಕಡೆ ತಬಲಾ, ಹಾರ್ಮೋನಿಯಂ, ಶ್ರುತಿಪೆಟ್ಟಿಗೆ. ಎದುರಿನ ಗೋಡೆ ತುಂಬ ಗಿಟಾರುಗಳು. ಎಂಟು ವರ್ಷದ ಹುಡುಗಿ ಮಿರಮಿರ ಮಿಂಚುವ ಕಪ್ಪು ಗಿಟಾರೊಂದರತ್ತ ಬೆರಳು ತೋರುತ್ತಾಳೆ. ಅಪ್ಪ ಬೆಲೆಯ ಚೀಟಿ ತಿರುವಿ ನೋಡುತ್ತಾರೆ. ಅಮ್ಮ ಅಂಗಡಿಯವರಿಗೆ ಹೇಳುತ್ತಾರೆ: "ಸ್ವಲ್ಪ ದೊಡ್ಡದೇ ಕೊಡಿ, ಬೆಳೆಯೋ ಮಗು. ನಾಲ್ಕು ವರ್ಷ ಆದ್ರೂ ಬರಬೇಕಲ್ಲ." ದೊಡ್ಡದು ಗೋಡೆಯಿಂದ ಇಳಿಯುತ್ತದೆ. ತೊಡೆಯ ಮೇಲಿಟ್ಟುಕೊಂಡ ಹುಡುಗಿಯ ಬಲಭುಜ ಕಿವಿಯತ್ತ ಏರುತ್ತದೆ. ಎಡಗೈ ಪೂರ್ತಿ ಚಾಚಿದರೂ ಗಿಟಾರಿನ ತುದಿ ನೆಟ್ಟಗೆ ಸಿಗುವುದಿಲ್ಲ. ಆದರೂ ಅವಳಿಗೆ ಖುಷಿ. ಬಿಲ್ ಆಗುತ್ತದೆ.

ಇಂಥ ಎಷ್ಟೋ ಗಿಟಾರುಗಳು ದಸರೆಯ ಹೊತ್ತಿಗೆ ಬೀರುವಿನ ಮೇಲೆ ಮಲಗಿರುತ್ತವೆ. "ನಮ್ಮ ಮಗುವಿಗೆ ಆಸಕ್ತಿ ಇಲ್ಲ ಬಿಡಿ" ಎಂಬ ತೀರ್ಪು ಮನೆಯಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಮಗುವಿನ ಆಸಕ್ತಿಯನ್ನು ಅನುಮಾನಿಸುವ ಮೊದಲು ವಾದ್ಯವನ್ನು ಪರೀಕ್ಷಿಸಬೇಕು. ಕೈಗೆ ಹೊಂದದ ಅಳತೆ, ಎತ್ತರದಲ್ಲಿ ನಿಂತ ತಂತಿ, ನಿಲ್ಲದ ಶ್ರುತಿ ಈ ಮೂರರಲ್ಲಿ ಒಂದಿದ್ದರೂ ಸಾಕು, ದೊಡ್ಡವರೇ ಕಲಿಕೆ ಬಿಟ್ಟೇಳುತ್ತಾರೆ. ಮೂರೂ ಇರುವ ವಾದ್ಯವನ್ನು ಮಗುವಿನ ಕೈಗಿತ್ತು ಛಲವಿಲ್ಲ ಎನ್ನುವುದು ನ್ಯಾಯವಲ್ಲ.

ಒಳ್ಳೆಯ ಸಂಗತಿಯೆಂದರೆ, ಈ ಮೂರನ್ನೂ ಅಂಗಡಿಯಲ್ಲೇ ಕಂಡುಹಿಡಿಯಬಹುದು. ಅದಕ್ಕೆ ಸಂಗೀತ ಗೊತ್ತಿರಬೇಕೆಂದಿಲ್ಲ.

ನೈಲಾನೋ ಉಕ್ಕೋ?

ಹೊರಗಿನಿಂದ ಎಲ್ಲ ಗಿಟಾರುಗಳೂ ಒಂದೇ ಥರ ಕಂಡರೂ ಅವುಗಳಲ್ಲಿ ಎರಡು ಮನೆತನಗಳಿವೆ. ಮೊದಲನೆಯದು ಕ್ಲಾಸಿಕಲ್ ಗಿಟಾರ್. ಇದರ ಆರು ತಂತಿಗಳಲ್ಲಿ ಕೆಳಗಿನ ಮೂರು ಬರಿಯ ನೈಲಾನ್, ಮೇಲಿನ ಮೂರು ಲೋಹದ ಸಣ್ಣ ಎಳೆ ಸುತ್ತಿದವು. ಇಂದು ನಾವು ನೋಡುವ ಕ್ಲಾಸಿಕಲ್ ಗಿಟಾರಿನ ಆಕಾರ ಮತ್ತು ಅಳತೆ ನೆಲೆಗೊಂಡಿದ್ದು 19ನೇ ಶತಮಾನದ ಸ್ಪೇನ್‌ನಲ್ಲಿ, ಆಂಟೋನಿಯೊ ದೆ ಟೊರೆಸ್ ಎಂಬ ಕುಶಲಕರ್ಮಿಯ ಕೈಯಲ್ಲಿ. ಆಗ ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದಕ್ಕೆ ಕೊರತೆಯಾಯಿತು. 1940ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್, ಪ್ರಸಿದ್ಧ ವಾದಕ ಆಂಡ್ರೆಸ್ ಸೆಗೋವಿಯಾ ಅವರ ಜೊತೆಗೂಡಿ ನೈಲಾನ್ ತಂತಿಯನ್ನು ರೂಢಿಗೆ ತಂದರು.

ಎರಡನೆಯದು ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರ್. ಸಿನಿಮಾ ಹಾಡು, ಭಾವಗೀತೆ, ಕಾಲೇಜು ಕಾರ್ಯಕ್ರಮಗಳಲ್ಲಿ ನಮ್ಮ ಕಿವಿಗೆ ಹೆಚ್ಚಾಗಿ ಬೀಳುವ ಝೇಂಕಾರ ಇದರದೇ.

ಮಗುವಿನ ಬೆರಳಿಗೆ ಈ ಎರಡರ ನಡುವೆ ಇರುವ ವ್ಯತ್ಯಾಸ ದೊಡ್ಡದು. ಪೂರ್ಣ ಅಳತೆಯ ಗಿಟಾರಿನಲ್ಲಿ ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಸಾಧಾರಣ ದಪ್ಪದ ಉಕ್ಕಿನ ತಂತಿಗಳಲ್ಲಿ ಅದು 70 ಕಿಲೋ ದಾಟುತ್ತದೆ. ನೈಲಾನ್ ದಪ್ಪವಾಗಿ, ಮೆತ್ತಗಿರುತ್ತದೆ. ಉಕ್ಕು ಸಪೂರವಾಗಿದ್ದು ಚರ್ಮವನ್ನು ಕೊರೆಯುತ್ತದೆ. ಹತ್ತು ವರ್ಷದೊಳಗಿನ ಹೆಚ್ಚಿನ ಮಕ್ಕಳಿಗೆ ನೈಲಾನ್ ತಂತಿಯೇ ಸುಲಭವಾದ ಹಾದಿ.

ನೈಲಾನ್‌ಗೂ ಒಂದು ತೊಡಕಿದೆ. ಕ್ಲಾಸಿಕಲ್ ಗಿಟಾರಿನ ಕತ್ತು, ಅಂದರೆ ಬೆರಳೊತ್ತುವ ಉದ್ದನೆಯ ಭಾಗ ಅಗಲವಾಗಿರುತ್ತದೆ. ತುದಿಯಲ್ಲಿ ಸುಮಾರು 52 ಮಿಲಿಮೀಟರ್. ಉಕ್ಕಿನ ತಂತಿಯ ಗಿಟಾರಿನಲ್ಲಿ ಅದು ಸುಮಾರು 43. ಸಣ್ಣ ಅಳತೆಯ ಕ್ಲಾಸಿಕಲ್ ಗಿಟಾರುಗಳಲ್ಲಿ ಈ ಅಗಲವೂ ಕೊಂಚ ಕಡಿಮೆಯಾಗುವುದರಿಂದ ತೊಡಕು ಅಷ್ಟಾಗಿ ಕಾಡುವುದಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. "ಸೌಂಡು ಜಾಸ್ತಿ ಬರುತ್ತೆ" ಎಂದು ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಿಸಬೇಡಿ. ಅದರ ತೆಳು ಮರವನ್ನು ಅಷ್ಟು ಎಳೆತ ತಡೆಯುವಂತೆ ಕಟ್ಟಿರುವುದಿಲ್ಲ. ಕೆಲವೇ ತಿಂಗಳಲ್ಲಿ ತಂತಿ ಕೂರುವ ಬ್ರಿಡ್ಜ್ ಕಿತ್ತು ಮೇಲೇಳಬಹುದು, ಕತ್ತು ಬಾಗಬಹುದು.

ಇಂಚಿನ ಲೆಕ್ಕ

ಆನ್‌ಲೈನ್ ಅಂಗಡಿಗಳಲ್ಲಿ 30, 34, 36, 39, 41 ಇಂಚು ಎಂದು ಬರೆದಿರುತ್ತದೆ. ಇದು ಗಿಟಾರಿನ ತಲೆಯಿಂದ ತಳದವರೆಗಿನ ಒಟ್ಟು ಉದ್ದ. ಅಂದಾಜಿಗೆ 30 ಇಂಚಿನದು ಕಾಲು ಅಳತೆ, 34 ಅರ್ಧ, 36 ಮುಕ್ಕಾಲು, 39 ಪೂರ್ಣ ಅಳತೆಯ ಕ್ಲಾಸಿಕಲ್. 41 ಇಂಚಿನದು ಉಕ್ಕಿನ ತಂತಿಯ ದೊಡ್ಡ ಗಿಟಾರ್. ಅರ್ಧ ಅಳತೆ ಎಂದರೆ ಅರ್ಧ ಉದ್ದ ಎಂದು ತಿಳಿಯಬೇಕಿಲ್ಲ. ಇವೆಲ್ಲ ವ್ಯಾಪಾರದಲ್ಲಿ ಬೆಳೆದುಬಂದ ಹೆಸರುಗಳು.

ಮಗುವಿನ ಬೆರಳಿಗೆ ಮುಖ್ಯವಾಗುವುದು ಒಟ್ಟು ಉದ್ದಕ್ಕಿಂತ ತಂತಿಯ ಮಿಡಿಯುವ ಭಾಗದ ಉದ್ದ. ಪೂರ್ಣ ಅಳತೆಯಲ್ಲಿ ಅದು 650 ಮಿಲಿಮೀಟರ್, ಮುಕ್ಕಾಲು ಅಳತೆಯಲ್ಲಿ ಸುಮಾರು 580, ಅರ್ಧ ಅಳತೆಯಲ್ಲಿ ಸುಮಾರು 530. ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ವೀಣೆಯಲ್ಲಿ ಮೆಟ್ಟಿಲುಗಳು ಮಾಡುವ ಕೆಲಸವನ್ನೇ ಇವು ಇಲ್ಲಿ ಮಾಡುತ್ತವೆ. ತಂತಿಯ ಉದ್ದ ಹೆಚ್ಚಿದಷ್ಟೂ ಫ್ರೆಟ್‌ಗಳ ನಡುವಿನ ಅಂತರವೂ ಹೆಚ್ಚುತ್ತದೆ.

ಆರಂಭದ ಪಾಠಗಳೆಲ್ಲ ನಡೆಯುವುದು ಮೊದಲ ನಾಲ್ಕು ಫ್ರೆಟ್‌ಗಳಲ್ಲಿ. ಒಂದೊಂದು ಬೆರಳಿಗೆ ಒಂದೊಂದು ಮನೆ. ಪೂರ್ಣ ಅಳತೆಯ ಗಿಟಾರಿನಲ್ಲಿ ಈ ನಾಲ್ಕು ಮನೆಗಳ ಉದ್ದ ಸುಮಾರು 134 ಮಿಲಿಮೀಟರ್. ಅರ್ಧ ಅಳತೆಯದರಲ್ಲಿ ಸುಮಾರು 109. ಎರಡೂವರೆ ಸೆಂಟಿಮೀಟರಿನ ಈ ವ್ಯತ್ಯಾಸ ಏಳು ವರ್ಷದ ಮಗುವಿನ ಕಿರುಬೆರಳಿಗೆ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ವ್ಯತ್ಯಾಸ.

ವಯಸ್ಸಿಗಿಂತ ಮಗುವಿನ ಎತ್ತರ ನೋಡಿ ಅಳತೆ ಆರಿಸುವುದು ಮೇಲು. ಸುಮಾರು 115 ಸೆಂಟಿಮೀಟರಿಗಿಂತ ಗಿಡ್ಡವಿರುವ ಮಗುವಿಗೆ ಕಾಲು ಅಳತೆ, 130ರವರೆಗೆ ಅರ್ಧ, 145–150ರವರೆಗೆ ಮುಕ್ಕಾಲು, ಅದರಾಚೆಗೆ ಪೂರ್ಣ ಅಳತೆ. ಇದು ಅಂದಾಜಷ್ಟೇ. ಕೊನೆಯ ಮಾತು ಮಗುವಿನ ಕೈಯದು.

ಶಾಲೆಯ ಯೂನಿಫಾರ್ಮನ್ನು ಎರಡಿಂಚು ದೊಡ್ಡದಾಗಿ ಹೊಲಿಸಿ ಮಡಿಚಿ ಹಾಕುವ ಜಾಣತನ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದಿದೆ. ಬಟ್ಟೆಯನ್ನು ಮಡಿಚಬಹುದು, ಗಿಟಾರನ್ನು ಮಡಿಚಲಾಗದು. ದೊಡ್ಡ ವಾದ್ಯಕ್ಕೆ ಹೊಂದಿಕೊಳ್ಳಲು ಮಗು ತನ್ನ ಮೈಯನ್ನೇ ಮಡಿಚುತ್ತದೆ: ಭುಜ ಎತ್ತುತ್ತದೆ, ಮಣಿಕಟ್ಟು ತಿರುಚುತ್ತದೆ, ಬೆನ್ನು ಬಗ್ಗಿಸುತ್ತದೆ. ಹೀಗೆ ಅಂಟಿದ ಅಭ್ಯಾಸವನ್ನು ಬಿಡಿಸಲು ಮುಂದೆ ಗುರುಗಳು ತಿಂಗಳುಗಟ್ಟಲೆ ಹೆಣಗಬೇಕಾಗುತ್ತದೆ.

ಉದ್ದದಷ್ಟೇ ಆಳವನ್ನೂ ಗಮನಿಸಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಹೊಟ್ಟೆಯ ಗಿಟಾರಿಗೆ ಡ್ರೆಡ್‌ನಾಟ್ ಎಂದು ಹೆಸರು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ರೂಪಿಸಿದ ಈ ಆಕಾರಕ್ಕೆ ಬ್ರಿಟನ್ನಿನ ಯುದ್ಧನೌಕೆಯೊಂದರ ಹೆಸರಿಟ್ಟರು. ಗಟ್ಟಿ ದನಿಗಾಗಿಯೇ ಇದರ ಹೊಟ್ಟೆಯನ್ನು ಅಷ್ಟು ದೊಡ್ಡದು ಮಾಡಿದ್ದು. ಇದನ್ನು ತಬ್ಬಿ ನುಡಿಸಲು ದೊಡ್ಡವರ ತೋಳು ಬೇಕು.

ನಾಲ್ಕು ಎಟಿಎಂ ಕಾರ್ಡುಗಳ ಪರೀಕ್ಷೆ

ಅಳತೆ ಸರಿಯಿದ್ದೂ ಗಿಟಾರ್ ನೋಯಿಸಬಹುದು. ಕಾರಣ, ತಂತಿ ಮತ್ತು ಫ್ರೆಟ್ ನಡುವಿನ ಎತ್ತರ. ವಾದಕರು ಇದನ್ನು ಆಕ್ಷನ್ ಎನ್ನುತ್ತಾರೆ. ಇದು ಹೆಚ್ಚಿದ್ದರೆ ತಂತಿಯನ್ನು ಫ್ರೆಟ್‌ವರೆಗೆ ಒತ್ತಲು ತುಂಬ ಶ್ರಮ ಬೇಕು. ಜೊತೆಗೆ, ಅಷ್ಟು ಒತ್ತಿದಾಗ ತಂತಿ ಹಿಗ್ಗಿ ಸ್ವರವೂ ಏರಿಬಿಡುತ್ತದೆ. ಅಗ್ಗದ ಗಿಟಾರುಗಳ ದೊಡ್ಡ ದೋಷ ಇದೇ.

ಇದನ್ನು ಅಳೆಯಲು ಜೇಬಿನಲ್ಲಿರುವ ಎಟಿಎಂ ಕಾರ್ಡುಗಳು ಸಾಕು. ಒಂದು ಕಾರ್ಡಿನ ದಪ್ಪ ಸುಮಾರು 0.76 ಮಿಲಿಮೀಟರ್. ತಲೆಯ ಕಡೆಯಿಂದ 12ನೇ ಫ್ರೆಟ್ ಎಣಿಸಿ. ಅದು ತಂತಿಯ ಸರಿ ಅರ್ಧದಲ್ಲಿರುತ್ತದೆ, ಹೆಚ್ಚಿನ ಗಿಟಾರುಗಳಲ್ಲಿ ಗುರುತಿಗೆ ಅಲ್ಲಿ ಎರಡು ಚುಕ್ಕಿ ಇರುತ್ತವೆ ಅಥವಾ ಕತ್ತು ಅಲ್ಲಿಗೇ ಹೊಟ್ಟೆಯನ್ನು ಸೇರುತ್ತದೆ. ಅತಿ ದಪ್ಪದ ತಂತಿಯ ಕೆಳಗೆ, ಆ ಫ್ರೆಟ್ ಮೇಲೆ ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಜಾರಿಸಿ. ಉಕ್ಕಿನ ತಂತಿಯ ಗಿಟಾರಿನಲ್ಲಿ ಮೂರು ಕಾರ್ಡಿಗೆ ತಂತಿ ತಾಗಿದರೆ ಚೆನ್ನ, ನಾಲ್ಕು ಪರವಾಗಿಲ್ಲ. ನೈಲಾನ್ ತಂತಿ ಹೆಚ್ಚು ಅಗಲಕ್ಕೆ ಅದುರುವುದರಿಂದ ಅದಕ್ಕೆ ನಾಲ್ಕರಿಂದ ಐದು. ಅದಕ್ಕಿಂತ ಹೆಚ್ಚು ಹಿಡಿಸಿದರೆ ಮಗುವಿಗೆ ಕೊಡುವ ಮುನ್ನ ಇಳಿಸಲೇಬೇಕು.

ಇಳಿಸುವುದು ಕಷ್ಟವಲ್ಲ. ತಂತಿ ಕೂರುವ ಬ್ರಿಡ್ಜಿನ ಬಿಳಿ ಪಟ್ಟಿಯನ್ನು ಅಡಿಯಿಂದ ಉಜ್ಜಿ ತಗ್ಗಿಸುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಕತ್ತಿನೊಳಗಿರುವ ಲೋಹದ ಸರಳನ್ನು ತಿರುಗಿಸಿ ಬಾಗು ಸರಿಪಡಿಸುತ್ತಾರೆ. ಈ ಕೆಲಸಕ್ಕೆ ಸೆಟಪ್ ಎಂದು ಹೆಸರು. ಗಿಟಾರ್ ರಿಪೇರಿ ಬಲ್ಲವರು ಸ್ವಲ್ಪ ಹೊತ್ತಿನಲ್ಲೇ ಮಾಡಿಕೊಡುತ್ತಾರೆ. ಗಿಟಾರಿಗೆಂದು ತೆಗೆದಿಟ್ಟ ಹಣದಲ್ಲಿ ಒಂದಿಷ್ಟನ್ನು ಇದಕ್ಕೆ ಮೀಸಲಿಡಿ. ಮಿಂಚುವ ಬಣ್ಣಕ್ಕೆ ಹೆಚ್ಚು ಕೊಡುವುದಕ್ಕಿಂತ ಇದು ಎಷ್ಟೋ ಪಾಲು ಉಪಯುಕ್ತ ಖರ್ಚು.

ಅಂಗಡಿಯಲ್ಲಿ ಏನೇನು ನೋಡಬೇಕು

ಮಗುವನ್ನು ಕರೆದುಕೊಂಡೇ ಹೋಗಿ. ಮುರುಕಲು ಸ್ಟೂಲಿನ ಮೇಲೆ ಕೂರಿಸಬೇಡಿ. ಎರಡೂ ಪಾದ ನೆಲಕ್ಕೆ ತಾಗುವಂತಹ ಗಟ್ಟಿ ಆಸನ ಕೇಳಿ. ಗಿಟಾರ್ ತೊಡೆಯ ಮೇಲಿರುವಾಗ ಬಲಭುಜ ಏರದೆ ಕೈ ತಂತಿಯ ಮೇಲೆ ಇಳಿಯಬೇಕು. ಎಡಮೊಣಕೈ ಮಡಿಚಿಕೊಂಡೇ ಮೊದಲ ಫ್ರೆಟ್ ತಲುಪಬೇಕು. ನಾಲ್ಕು ಬೆರಳುಗಳನ್ನು ಮೊದಲ ನಾಲ್ಕು ಮನೆಗಳ ಮೇಲೆ ಇಡಲು ಹೇಳಿ. ಕಿರುಬೆರಳು ಹೆಚ್ಚು ಎಳೆದಾಡದೆ ತಲುಪಿದರೆ ಅಳತೆ ಸರಿ.

ನಂತರ ಕತ್ತಿನ ಎರಡೂ ಅಂಚುಗಳಲ್ಲಿ ನಿಮ್ಮ ಬೆರಳು ಸವರಿ ನೋಡಿ. ಫ್ರೆಟ್‌ಗಳ ತುದಿ ಚುಚ್ಚಿದರೆ ಮಗುವಿನ ಅಂಗೈಯನ್ನೂ ಗೀರುತ್ತದೆ. ತಲೆಯ ಮೇಲಿನ ಬಿರಡೆಗಳನ್ನು ತಿರುಗಿಸಿ. ಅವು ಜಾರದೆ, ಸಿಕ್ಕಿಕೊಳ್ಳದೆ, ನಯವಾಗಿ ತಿರುಗಬೇಕು. ಅಂಗಡಿಯವರಿಗೆ ಶ್ರುತಿ ಮಾಡಿಕೊಡಲು ಹೇಳಿ, ಸ್ವಲ್ಪ ಹೊತ್ತು ನುಡಿಸಿದ ಮೇಲೆ ಫೋನಿನ ಟ್ಯೂನರ್ ಆ್ಯಪಿನಲ್ಲಿ ಮತ್ತೆ ಪರೀಕ್ಷಿಸಿ. ಹೊಸ ತಂತಿ, ಅದರಲ್ಲೂ ನೈಲಾನ್, ಮೊದಮೊದಲು ಕೆಲವು ದಿನ ಸಡಿಲವಾಗುವುದು ಸಹಜ. ಬಿರಡೆಯೇ ಜಾರುತ್ತಿದ್ದರೆ ಆ ಗಿಟಾರ್ ಬೇಡ.

ಕೊನೆಯದಾಗಿ ಒಂದು ತಂತಿಯನ್ನು ಬಿಡಿಯಾಗಿ ಮೀಟಿ, ಮತ್ತೆ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಎರಡನೆಯದು ಅದೇ ಸ್ವರದ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಟ್ಯೂನರ್ ಎರಡೂ ಸಲ ಒಂದೇ ಅಕ್ಷರ ತೋರಿಸಿ, ಮುಳ್ಳು ನಡುವಿನ ಆಸುಪಾಸಿನಲ್ಲೇ ನಿಂತರೆ ಆಯಿತು. ಇಲ್ಲಿ ತಪ್ಪಿದ ಗಿಟಾರನ್ನು ಎಷ್ಟು ಶ್ರುತಿ ಮಾಡಿದರೂ ಅಪಸ್ವರ ಹೋಗುವುದಿಲ್ಲ, ಮಗುವಿನ ಕಿವಿಯೂ ಆ ಅಪಸ್ವರಕ್ಕೇ ಪಳಗುತ್ತದೆ.

ನಮ್ಮ ಹವೆ, ಗಿಟಾರಿನ ಮರ

ಗಿಟಾರ್ ಮರದ್ದು. ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಹಿತವಾದ ತೇವಾಂಶ ಶೇಕಡ 45ರಿಂದ 55. ಮಂಗಳೂರು, ಕಾರವಾರ, ಆಗುಂಬೆಗಳ ಮಳೆಗಾಲ ಇದನ್ನು ಎಷ್ಟೋ ಮೀರುತ್ತದೆ. ಹೊಟ್ಟೆಯ ಮರ ಉಬ್ಬಿ ತಂತಿ ಮೇಲೇರುತ್ತದೆ, ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ಇದರ ತಿರುಗುಮುರುಗು: ಮರ ಕುಗ್ಗಿ ಫ್ರೆಟ್ ತುದಿಗಳು ಹೊರಚಾಚುತ್ತವೆ, ಕೆಲವೊಮ್ಮೆ ಹಲಗೆ ಬಿರಿಯುತ್ತದೆ.

ಅಂಗಡಿಯಲ್ಲಿ "ಸಾಲಿಡ್ ಟಾಪ್" ಎಂದರೆ ಮೇಲಿನ ಹಲಗೆ ಇಡಿಯ ಮರದ್ದು ಎಂದರ್ಥ. ನಾದ ಚೆನ್ನಾಗಿರುತ್ತದೆ, ಬೆಲೆ ಜಾಸ್ತಿ, ಹವೆಗೆ ನಾಜೂಕು. ಪದರಗಳನ್ನು ಅಂಟಿಸಿ ಮಾಡಿದ ಹಲಗೆಯ ಗಿಟಾರಿಗೆ ನಾದ ಒಂದು ತೂಕ ಕಡಿಮೆಯಾದರೂ ಹವೆ ಬದಲಾವಣೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಮಗುವಿನ ಮೊದಲ ಗಿಟಾರಿಗೆ ಇದು ಧಾರಾಳ ಸಾಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಯಾವ ಗಿಟಾರನ್ನೂ ಬಿಡಬಾರದು. ಕಾವಿಗೆ ಅಂಟು ಸಡಿಲಗೊಳ್ಳುತ್ತದೆ. ನುಡಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಒರೆಸುವ ಅಭ್ಯಾಸವನ್ನು ಮೊದಲ ದಿನವೇ ಕಲಿಸಿ.

ಯಾವ ಹಾಡಿನ ಆಸೆ?

ಮಗುವಿಗೆ ಗಿಟಾರ್ ಏಕೆ ಬೇಕು ಎಂಬುದನ್ನು ಅದರ ಬಾಯಿಂದಲೇ ಕೇಳಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು ಟ್ರಿನಿಟಿ ಕಾಲೇಜ್ ಲಂಡನ್‌ನಂಥ ಸಂಸ್ಥೆಗಳ ಕ್ಲಾಸಿಕಲ್ ಗಿಟಾರ್ ಪರೀಕ್ಷೆಗೆ ಕೂರುವುದಾದರೆ ನೈಲಾನ್ ತಂತಿಯೇ ಬೇಕು. ಮೈಸೂರಿನ ರಘು ದೀಕ್ಷಿತ್ ಅವರಂತೆ ಗಿಟಾರ್ ಹಿಡಿದು ಶರೀಫರ ಪದ ಹಾಡುವ ಆಸೆಯಿದ್ದರೆ ಮುಂದೊಂದು ದಿನ ಉಕ್ಕಿನ ತಂತಿಯ ಗಿಟಾರಿಗೆ ಹೋಗಬೇಕಾಗುತ್ತದೆ. ಅಲ್ಲಿಯವರೆಗೆ ನೈಲಾನ್‌ನಲ್ಲಿ ಕಲಿತ ಒಂದು ಪಾಠವೂ ವ್ಯರ್ಥವಾಗುವುದಿಲ್ಲ. ಬೆರಳಿನ ಜಾಗಗಳು ಎರಡರಲ್ಲೂ ಒಂದೇ.

ರಾಕ್ ಸಂಗೀತದ ಹುಚ್ಚಿರುವ ಹತ್ತು–ಹನ್ನೆರಡರ ಮಕ್ಕಳು ನೇರವಾಗಿ ಎಲೆಕ್ಟ್ರಿಕ್ ಗಿಟಾರಿನಿಂದ ಆರಂಭಿಸಿದರೂ ತಪ್ಪಿಲ್ಲ. ಅದರ ತಂತಿ ಸಪೂರ, ಕತ್ತು ಕಿರಿದು, ಒತ್ತುವುದು ಸುಲಭ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ಜಗತ್ತಿಗೆ ಕೇಳಿಸಿದ ಆರ್. ಪ್ರಸನ್ನ ನುಡಿಸುವುದೂ ಎಲೆಕ್ಟ್ರಿಕ್ ಗಿಟಾರನ್ನೇ. ಗಮಕಕ್ಕಾಗಿ ತಂತಿಯನ್ನು ಪಕ್ಕಕ್ಕೆಳೆಯಲು ಸಪೂರ ತಂತಿ ಅನುಕೂಲ. ಆದರೆ ಇದಕ್ಕೆ ಆಂಪ್ಲಿಫಯರ್, ಕೇಬಲ್ ಎಂದು ಖರ್ಚು ಹೆಚ್ಚುತ್ತದೆ. ಇನ್ನು ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರು ಹಿಂದೂಸ್ತಾನಿ ರಾಗಗಳಿಗೆ ಬಳಸಿದ ಸ್ಲೈಡ್ ಗಿಟಾರಿನ ದಾರಿ ಬೇರೆಯೇ. ಅಲ್ಲಿ ಗಿಟಾರನ್ನು ಮಲಗಿಸಿ ತಂತಿಯ ಮೇಲೆ ಲೋಹದ ಸರಳನ್ನು ಜಾರಿಸಬೇಕು. ಗುರು ಸಿಕ್ಕ ಮೇಲೆಯೇ ಅಂಥ ವಾದ್ಯ ಕೊಳ್ಳುವುದು ಒಳ್ಳೆಯದು.

ಐದು–ಆರು ವರ್ಷದ ಮಕ್ಕಳಿಗೆ ಉಕುಲೆಲೆ ಒಳ್ಳೆಯ ಮೊದಲ ಹೆಜ್ಜೆ. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಹವಾಯಿಗೆ ವಲಸೆ ಹೋದವರು ಒಯ್ದ ಪುಟ್ಟ ವಾದ್ಯದಿಂದ ಹುಟ್ಟಿದ್ದು ಇದು. ನಾಲ್ಕೇ ತಂತಿ, ಅವೂ ನೈಲಾನ್. ಇಲ್ಲಿ ಕಲಿತ ಬೆರಳಿನ ಆಕಾರಗಳು ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಮೇಲೆ ಹಾಗೆಯೇ ಕೂರುತ್ತವೆ. ಸ್ವರದ ಹೆಸರು ಮಾತ್ರ ಬದಲಾಗುತ್ತದೆ.

ಎಡಗೈ ಬಳಸುವ ಮಗುವಾದರೆ ಮೊದಲು ಸಾಮಾನ್ಯ ಗಿಟಾರನ್ನೇ ಕೊಟ್ಟು ನೋಡಿ. ಗಿಟಾರಿನಲ್ಲಿ ಎರಡೂ ಕೈಗೆ ಸಮನಾದ ಕೆಲಸವಿರುವುದರಿಂದ ಹಲವು ಎಡಗೈಯವರು ಬಲಗೈಯವರಂತೆಯೇ ಕಲಿಯುತ್ತಾರೆ. ಮತ್ತೆ ಮತ್ತೆ ತಿರುಗಿಸಿಯೇ ಹಿಡಿದರೆ ಎಡಗೈಯವರಿಗೆಂದೇ ಮಾಡಿದ ಗಿಟಾರ್ ಕೊಳ್ಳಿ. ಒತ್ತಾಯ ಬೇಡ.

ಎಷ್ಟು ಹಣ, ಯಾರ ಸಲಹೆ

ಎರಡು–ಮೂರು ಸಾವಿರ ರೂಪಾಯಿಗೆ ಮನೆ ಬಾಗಿಲಿಗೆ ಬರುವ ಗಿಟಾರುಗಳಲ್ಲಿ ನುಡಿಸಲು ಯೋಗ್ಯವಾದವು ವಿರಳ. ಹೆಸರಾಂತ ಕಂಪನಿಗಳ ಕಲಿಕೆಯ ಗಿಟಾರುಗಳು ಸಾಮಾನ್ಯವಾಗಿ ಏಳರಿಂದ ಹನ್ನೆರಡು ಸಾವಿರದ ನಡುವೆ ಸಿಗುತ್ತವೆ. ಯಮಹಾದ ಸಿ40 ಪೂರ್ಣ ಅಳತೆಯ ನೈಲಾನ್ ಗಿಟಾರಾದರೆ, ಸಿಎಸ್40 ಅದರ 580 ಮಿಲಿಮೀಟರಿನ ತಮ್ಮ. ಗಿಟಾರ್ ತಯಾರಿಕೆಯಲ್ಲಿ ಕೊಲ್ಕತ್ತಾ ನಮ್ಮ ದೇಶದ ಹಳೆಯ ಕೇಂದ್ರ. ಅಲ್ಲಿಂದ ಬರುವ ಕಡಿಮೆ ಬೆಲೆಯ ಗಿಟಾರುಗಳಲ್ಲೂ ಕೈಯಾರೆ ಪರೀಕ್ಷಿಸಿ ಆರಿಸಿ, ಸೆಟಪ್ ಮಾಡಿಸಿಕೊಂಡರೆ ಒಳ್ಳೆಯವು ಸಿಗುತ್ತವೆ.

ಸೆಕೆಂಡ್‌ಹ್ಯಾಂಡ್ ಎಂದರೆ ಮೂಗು ಮುರಿಯಬೇಡಿ. ಸಣ್ಣ ಅಳತೆಯ ಗಿಟಾರುಗಳು ಬಹುಪಾಲು ಸವೆಯುವ ಮೊದಲೇ ಚಿಕ್ಕವಾಗಿಬಿಡುತ್ತವೆ. ಕತ್ತು ನೆಟ್ಟಗಿದ್ದು, ಬ್ರಿಡ್ಜಿನ ಹಿಂದೆ ಸಂದು ಬಿಟ್ಟಿರದಿದ್ದರೆ ಹೊಸ ತಂತಿ ಹಾಕಿಸಿ ಧೈರ್ಯವಾಗಿ ತನ್ನಿ. ಆದರೆ ಎಲ್ಲಕ್ಕಿಂತ ಮೊದಲು ಕಲಿಸುವವರನ್ನು ಹುಡುಕಿ. ಮೇಷ್ಟ್ರನ್ನು ಕಂಡು, ಅವರು ಹೇಳಿದ ಬಗೆಯ ಗಿಟಾರ್ ಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೊದಲ ಮೂರು ತಿಂಗಳು

ಎಷ್ಟೇ ಒಳ್ಳೆಯ ಗಿಟಾರಾದರೂ ಮೊದಲ ವಾರಗಳಲ್ಲಿ ಬೆರಳ ತುದಿ ನೋಯುತ್ತದೆ. ಎರಡು–ನಾಲ್ಕು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಇದನ್ನು ಮಗುವಿಗೆ ಮುಂಚೆಯೇ ಹೇಳಿದರೆ ಅದು ಹೆದರುವುದಿಲ್ಲ. ಒಮ್ಮೆಗೆ ಒಂದು ಗಂಟೆ ಕೂರಿಸುವ ಬದಲು ದಿನಕ್ಕೆ ಹತ್ತು–ಹದಿನೈದು ನಿಮಿಷ ಸಾಕು. ಶ್ರುತಿ ಮಾಡುವ ಜವಾಬ್ದಾರಿಯನ್ನು ಆರಂಭದಲ್ಲಿ ನೀವೇ ಹೊತ್ತುಕೊಳ್ಳಿ. ಗಿಟಾರಿನ ತಲೆಗೆ ಸಿಕ್ಕಿಸುವ ಟ್ಯೂನರ್ ಇದ್ದರೆ ಯಾರು ಬೇಕಾದರೂ ಮಾಡಬಹುದು. ಗಿಟಾರನ್ನು ಚೀಲದೊಳಗಿಟ್ಟು ಬೀರುವಿನ ಮೇಲೆ ಹಾಕಬೇಡಿ. ಬಿಸಿಲು ಬೀಳದ ಮೂಲೆಯಲ್ಲಿ, ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಸ್ಟ್ಯಾಂಡಿನ ಮೇಲಿಡಿ.

ಇಷ್ಟೆಲ್ಲ ಮಾಡಿಯೂ ಮಗುವಿನ ಒಲವು ಬೇರೆಡೆಗೆ ತಿರುಗಬಹುದು. ತಿರುಗಲಿ. ಆಗ ಅದು ನಿಜವಾಗಿಯೂ ಅದರ ಒಲವಿನ ಮಾತು. ನೋಯುವ ಬೆರಳಿನ ಮಾತಲ್ಲ. ಸುಸ್ಥಿತಿಯ ಸಣ್ಣ ಗಿಟಾರಿಗೆ ಕೊಳ್ಳುವವರು ಸಿಗುತ್ತಾರೆ, ಕಳೆದುಕೊಳ್ಳುವುದು ಒಂದೆರಡು ಸಾವಿರ. ಆದರೆ ಹೊಂದದ ವಾದ್ಯ ಕೊಟ್ಟು "ನಿನಗೆ ಸಂಗೀತ ಬರುವುದಿಲ್ಲ" ಎಂದುಬಿಟ್ಟರೆ, ಮಗು ಆ ಮಾತನ್ನು ನಂಬಿಕೊಂಡೇ ಬೆಳೆಯುತ್ತದೆ. ಆ ನಷ್ಟವನ್ನು ಮುಂದೆ ಯಾವ ದುಬಾರಿ ಗಿಟಾರೂ ತುಂಬಿಕೊಡಲಾರದು. ಹಾಗಾಗಿ ನಾಲ್ಕು ವರ್ಷದ ನಂತರದ ಕೈಗೆ ಇಂದೇ ಗಿಟಾರ್ ಕೊಳ್ಳಬೇಡಿ. ಈ ವರ್ಷದ ಕೈಗೆ ಈ ವರ್ಷದ ಗಿಟಾರ್ ಕೊಡಿಸಿ. ಅದು ಚಿಕ್ಕದಾದ ದಿನ ಮಗು ತಾನೇ ಬಂದು ದೊಡ್ಡದನ್ನು ಕೇಳಲಿ.